ಮಾಜಾಳಿ ದಾಟಿದರೆ ರುಚಿ ಏರುವುದಿಲ್ಲ

ಕಾರವಾರ, ಅಂಕೋಲೆಯ ಕಡೆ ನಾಲ್ಕು ಜನ ಸೇರಿ ವಿಸ್ಕಿ ಬಾಟಲಿ ತೆರೆದರೆ ‘ಯಾವುದು?’ ಎಂದು ಕೇಳುವುದಕ್ಕಿಂತ ಮೊದಲು ‘ಎಲ್ಲಿದು?’ ಎಂದು ಕೇಳುತ್ತಾರೆ. ಗೋವಾದ್ದು ಎಂದರೆ ಮುಗಿಯಿತು, ಲೋಟಗಳು ಮುಂದೆ ಬರುತ್ತವೆ. ಅದೇ ಹೆಸರಿನ, ಅದೇ ಬಣ್ಣದ ಲೇಬಲ್ಲಿನ ಬಾಟಲಿಯನ್ನು ಕಾರವಾರದ ಪೇಟೆಯಲ್ಲೇ ಕೊಂಡದ್ದೆಂದು ಗೊತ್ತಾದರೆ ಕುಡಿಯುವ ಮೊದಲೇ ಮುಖ ಸಪ್ಪಗಾಗುತ್ತದೆ. ‘ಗೋವಾದ್ದು ಸ್ಮೂತ್ ಮಾರಾಯ, ಬೆಳಗಾದ್ರೆ ತಲೆ ಹಗುರ ಇರ್ತದೆ’ ಎಂಬ ಮಾತನ್ನು ನಾನು ಮೀನುಗಾರರ ಬಾಯಲ್ಲಿ ಕೇಳಿದ್ದೇನೆ, ಬ್ಯಾಂಕಿನವರ ಬಾಯಲ್ಲಿ ಕೇಳಿದ್ದೇನೆ, ವೈದ್ಯರೊಬ್ಬರ ಬಾಯಲ್ಲೂ ಕೇಳಿದ್ದೇನೆ. ಇದರ ಬೆನ್ನಿಗೇ ಇನ್ನೊಂದು ಮಾತಿದೆ: ಅರ್ಗಾದ ನೌಕಾನೆಲೆಯ ಕ್ಯಾಂಟೀನಿನಿಂದ ಹೊರಬಂದ ‘ಮಿಲಿಟರಿ ಮಾಲು’ ಗೋವಾದ್ದಕ್ಕಿಂತಲೂ ಅಸಲಿ. ಮೂರನೆಯದು ಈ ಕರಾವಳಿಗಷ್ಟೇ ಸೇರಿದ್ದಲ್ಲ, ರಾಜ್ಯವಿಡೀ ಹಬ್ಬಿದೆ: ಅಗ್ಗದ ವಿಸ್ಕಿಗೆ ರುಚಿ ಎಂಬುದೇ ಇಲ್ಲ, ಬೆಲೆ ಏರಿದಷ್ಟೂ ರುಚಿ ಏರುತ್ತದೆ.

ಈ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಬೆಲೆ ಏರಿದಷ್ಟೂ ರುಚಿ ಏರುವುದು ನಿಜವಾದರೆ, ಅರ್ಧ ಬೆಲೆಗೆ ಸಿಗುವ ಗೋವಾದ ಬಾಟಲಿ ನಮ್ಮ ಬಾಟಲಿಗಿಂತ ರುಚಿಯಾಗಿರಲು ಸಾಧ್ಯವಿಲ್ಲ. ಗೋವಾದ್ದೇ ರುಚಿ ಎಂಬುದು ನಿಜವಾದರೆ, ಬೆಲೆಗೂ ರುಚಿಗೂ ಸಂಬಂಧವಿಲ್ಲ ಎಂದಾಯಿತು. ಒಂದೇ ಮನುಷ್ಯ ಒಂದೇ ರಾತ್ರಿಯಲ್ಲಿ ಎರಡನ್ನೂ ಹೇಳುತ್ತಾನೆ, ಎರಡನ್ನೂ ನಂಬಿರುತ್ತಾನೆ. ಇಲ್ಲಿ ಮಾತಾಡುತ್ತಿರುವುದು ಸುಂಕ. ನಾಲಿಗೆ ಇನ್ನೂ ಬಾಯಿ ಬಿಟ್ಟಿಲ್ಲ.

ಗೋವಾದ ಬಾಟಲಿಯ ಮೇಲಿನ ಈ ಗೌರವಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು ಎಂಬುದನ್ನು ಒಪ್ಪಬೇಕು. 1956ರ ನವೆಂಬರ್‌ವರೆಗೆ ಕಾರವಾರ ಮುಂಬಯಿ ರಾಜ್ಯದಲ್ಲಿತ್ತು. 1949ರ ಮುಂಬಯಿ ಪಾನನಿರೋಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಕಾಳಿ ನದಿಯನ್ನು ದಾಟಿ, ಸದಾಶಿವಗಡ, ಮಾಜಾಳಿ ಕಳೆದು ಒಂದು ಹೆಜ್ಜೆ ಮುಂದಿಟ್ಟರೆ ಪೋರ್ಚುಗೀಸರ ಆಳ್ವಿಕೆ. ಅಲ್ಲಿ ಪಾನನಿರೋಧ ಇರಲಿಲ್ಲ, ಮೇಲಾಗಿ ಹೊರದೇಶದ ಸರಕು ಹಡಗಿನಲ್ಲಿ ಬರುತ್ತಿತ್ತು. ಈಚೆ ಕದ್ದು ಬೇಯಿಸಿದ ಕಳ್ಳಭಟ್ಟಿ, ಆಚೆ ಮುದ್ರೆಯೊಡೆಯದ ಸ್ಕಾಚ್. ಆಗ ಗೋವಾದ ಬಾಟಲಿ ನಿಜಕ್ಕೂ ಬೇರೆ ಬಾಟಲಿಯಾಗಿತ್ತು. 1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿತು. ನಂತರದ ದಶಕಗಳಲ್ಲಿ ಗಡಿಯ ಎರಡೂ ಬದಿಯ ಅಂಗಡಿಗಳಲ್ಲಿ ಅದೇ ಕಂಪನಿಗಳ ಅದೇ ಭಾರತೀಯ ವಿಸ್ಕಿಗಳು ತುಂಬಿಕೊಂಡವು. ಸರಕು ಬದಲಾದರೂ ಅಜ್ಜನ ಕಾಲದ ಮಾತು ಬದಲಾಗಲಿಲ್ಲ.

ಈಗ ಗಡಿಯ ಎರಡು ಬದಿಗಳ ನಡುವೆ ಉಳಿದಿರುವ ದೊಡ್ಡ ವ್ಯತ್ಯಾಸ ತೆರಿಗೆಯದು. ಮದ್ಯ ತಯಾರಕರ ಸಂಘಟನೆಯಾದ ಇಂಟರ್‌ನ್ಯಾಷನಲ್ ಸ್ಪಿರಿಟ್ಸ್ ಆ್ಯಂಡ್ ವೈನ್ಸ್ ಅಸೋಸಿಯೇಷನ್ ಆಫ್ ಇಂಡಿಯಾ 2023ರಲ್ಲಿ ಮಾಡಿದ ಲೆಕ್ಕದಂತೆ ಬಾಟಲಿಯ ಮಾರಾಟ ಬೆಲೆಯಲ್ಲಿ ತೆರಿಗೆಯ ಪಾಲು ಗೋವಾದಲ್ಲಿ ಶೇ 49, ಕರ್ನಾಟಕದಲ್ಲಿ ಶೇ 83. ತೆರಿಗೆ ಇಳಿಯಲಿ ಎಂದು ಬಯಸುವ ಸಂಘಟನೆಯ ಲೆಕ್ಕ ಇದು, ಎಲ್ಲ ದರ್ಜೆಯ ಬಾಟಲಿಗೂ ಇದೇ ಪ್ರಮಾಣವನ್ನು ಅಂಟಿಸಲಾಗದು. ಆದರೂ ಅದು ತೋರಿಸುವ ದಿಕ್ಕನ್ನು ಅಲ್ಲಗಳೆಯುವಂತಿಲ್ಲ. ನಾವು ಕೊಡುವ ನೂರು ರೂಪಾಯಿಯಲ್ಲಿ ಸ್ಪಿರಿಟ್ಟು, ಮಾಲ್ಟು, ಗಾಜು, ಮುಚ್ಚಳ, ಲಾರಿ ಬಾಡಿಗೆ, ಅಂಗಡಿಯವನ ಲಾಭ ಎಲ್ಲವೂ ಒಂದು ಸಣ್ಣ ಮೂಲೆಯಲ್ಲಿ ಮುದುಡಿ ಕುಳಿತಿವೆ. ಆ ಮೂಲೆಯಲ್ಲಿ ಮಾತ್ರ ರುಚಿ ಇರಲು ಸಾಧ್ಯ. ಉಳಿದ ದುಡ್ಡು ಬಾಟಲಿಯ ಒಳಗೆ ಹೋಗುವುದೇ ಇಲ್ಲ.

2025ರಲ್ಲಿ ಇದ್ದಂತೆ ಕರ್ನಾಟಕದ ಅಬಕಾರಿ ಪದ್ಧತಿಯ ಒಳಗನ್ನು ಸ್ವಲ್ಪ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ತಯಾರಕ ತನ್ನ ಒಂದು ಪೆಟ್ಟಿಗೆಗೆ, ಅಂದರೆ 48 ಕ್ವಾರ್ಟರ್ ಅಥವಾ 8.64 ಲೀಟರಿಗೆ, ಒಂದು ಬೆಲೆ ಘೋಷಿಸಬೇಕು. ಆ ಬೆಲೆ ಯಾವ ಸ್ಲ್ಯಾಬಿಗೆ, ಅಂದರೆ ಬೆಲೆಯ ಹಂತಕ್ಕೆ, ಬೀಳುತ್ತದೋ ಅದರಂತೆ ಹೆಚ್ಚುವರಿ ಅಬಕಾರಿ ಸುಂಕ. ಘೋಷಿತ ಬೆಲೆ ಸ್ಲ್ಯಾಬಿನ ಗೆರೆಯನ್ನು ಸ್ವಲ್ಪ ದಾಟಿದರೂ ಸುಂಕ ಒಮ್ಮೆಲೇ ಜಿಗಿಯುತ್ತದೆ. ಹೀಗಿರುವಾಗ ಮಿಶ್ರಣಕ್ಕೆ ಇನ್ನೊಂದು ಚೂರು ಮಾಲ್ಟ್ ಸೇರಿಸಿದರೆ ಚೆನ್ನಾಗಿರುತ್ತದೆ ಎಂದು ತಯಾರಕನಿಗೆ ಅನಿಸಿದರೂ, ಗೆರೆ ದಾಟುವ ಭಯ ಅವನ ಕೈ ಹಿಡಿಯುತ್ತದೆ. ಗೆರೆಯ ಕೆಳಗೆ ನಿಲ್ಲುವಂತೆಯೇ ವಿಸ್ಕಿ ತಯಾರಾಗುತ್ತದೆ. ಎರಡು ಸ್ಲ್ಯಾಬುಗಳ ನಡುವೆ ಕ್ವಾರ್ಟರಿಗೆ ಇಪ್ಪತ್ತು ಮೂವತ್ತು ರೂಪಾಯಿ ವ್ಯತ್ಯಾಸ ಕಂಡಾಗ ಅಷ್ಟು ರುಚಿ ಹೆಚ್ಚಾಯಿತೆಂದು ನಾವು ಅಂದುಕೊಳ್ಳುತ್ತೇವೆ. ಹೆಚ್ಚಾದದ್ದರಲ್ಲಿ ದೊಡ್ಡ ಪಾಲು ಬೆಂಗಳೂರಿನ ಖಜಾನೆಗೆ ಹೋಗಿರುತ್ತದೆ.

ಪ್ರಯೋಗವನ್ನು ಸರಕಾರವೇ ಮಾಡಿ ತೋರಿಸಿದೆ. 2024ರ ಆಗಸ್ಟ್ ಕೊನೆಯಲ್ಲಿ ರಾಜ್ಯ ಸರಕಾರ ಸ್ಲ್ಯಾಬುಗಳನ್ನು 18ರಿಂದ 16ಕ್ಕೆ ಇಳಿಸಿತು. ನೆರೆ ರಾಜ್ಯಗಳ ದರಕ್ಕೆ ಹತ್ತಿರವಾಗಲೆಂದು ದುಬಾರಿ ಮದ್ಯದ ಬೆಲೆಯನ್ನು ತಗ್ಗಿಸಿತು. 2025ರ ಮೇ ತಿಂಗಳಲ್ಲಿ ಅತಿ ಕೆಳಗಿನ ಸ್ಲ್ಯಾಬುಗಳ ದರ ಏರಿತು, ಮೊದಲ ಸ್ಲ್ಯಾಬಿನ 180 ಮಿಲಿಲೀಟರ್ 65 ರೂಪಾಯಿಯಿಂದ 80ಕ್ಕೆ ಹೋಯಿತು. ಒಂದು ವರ್ಷದೊಳಗೆ ಶ್ರೀಮಂತನ ಬಾಟಲಿ ಅಗ್ಗವಾಯಿತು, ಕೂಲಿಯವನ ಪೌಚು ತುಟ್ಟಿಯಾಯಿತು. ಬೆಲೆಯೇ ರುಚಿಯಾಗಿದ್ದರೆ ಆ ಆಗಸ್ಟಿನಲ್ಲಿ ಮೇಲಿನ ವಿಸ್ಕಿಗಳ ರುಚಿ ಕೆಡಬೇಕಿತ್ತು, ಮೇ ತಿಂಗಳಲ್ಲಿ ಕೆಳಗಿನವು ಒಳ್ಳೆಯದಾಗಬೇಕಿತ್ತು. ಪೀಪಾಯಿಗಳಲ್ಲಿ ಏನೂ ನಡೆಯಲಿಲ್ಲ.

ಕ್ಯಾಂಟೀನಿನ ಮಾಲಿಗೂ ಇದೇ ವಿವರಣೆ ಸಾಕು. ಅಲ್ಲಿಗೆ ಮದ್ಯ ಕೊಡುವವರೂ ಅವೇ ಕಂಪನಿಗಳು. ಸೈನಿಕರಿಗೆಂದು ಸುಂಕದಲ್ಲಿ ರಿಯಾಯಿತಿ ಇದೆ, ಅವರಿಗೆ ಮಾತ್ರ ಎಂದು ಲೇಬಲ್ಲಿನ ಮೇಲೆ ಬರೆದಿದೆ. ಸಿಗುವುದು ಕಷ್ಟ ಎಂಬುದೇ ಅದರ ಕಾಲುಭಾಗ ರುಚಿ.

ಗೋವಾದ ಬಾಟಲಿಯ ಪರವಾಗಿ ಹೇಳಬಹುದಾದ ಒಂದು ಗಟ್ಟಿ ಮಾತು ಇದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮದ್ಯ ಸಾಗಿಸಿದರೆ ಶುಲ್ಕದ ಮೇಲೆ ಶುಲ್ಕ ಬೀಳುವುದರಿಂದ ದೊಡ್ಡ ಬ್ರ್ಯಾಂಡುಗಳನ್ನು ಹಲವು ರಾಜ್ಯಗಳಲ್ಲಿ ಬೇರೆ ಬೇರೆ ಘಟಕಗಳಲ್ಲಿ ತುಂಬಿಸುತ್ತಾರೆ. ಗೋವಾದ ಕಾಣಕೋಣದ ಅಂಗಡಿಯ ಬಾಟಲಿಯೂ ಕಾರವಾರದ ಅಂಗಡಿಯ ಬಾಟಲಿಯೂ ಎರಡು ಕಾರ್ಖಾನೆಗಳಿಂದ ಬಂದಿರಬಹುದು. ಹಾಗಾದರೆ ರುಚಿ ಬೇರೆಯಾಗಲಾರದೇ? ಸ್ವಲ್ಪ ಬೇರೆಯಾಗಬಹುದು. ಆದರೆ ಆ ‘ಸ್ವಲ್ಪ’ ಯಾವಾಗಲೂ ಗೋವಾದ ಕಡೆಗೇ ವಾಲಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಸ್ಪಿರಿಟನ್ನು ಹೆಚ್ಚುಕಡಿಮೆ ಶೇ 96ರವರೆಗೆ ಶುದ್ಧೀಕರಿಸುತ್ತಾರೆ, ನೀರಿನ ಖನಿಜ ತೆಗೆಯುತ್ತಾರೆ, ಮಿಶ್ರಣದ ಪಾಕ ಕಂಪನಿಯದು. ಊರು ಬದಲಾದರೂ ರುಚಿ ಬದಲಾಗದಂತೆ ನೋಡಿಕೊಳ್ಳುವುದೇ ಬ್ಲೆಂಡರ್‌ನ ಕೆಲಸ. ಎರಡೂ ಕಡೆಯ ಬಾಟಲಿಯ ಮೇಲೆ ಶೇ 42.8 ಎಂದೇ ಮುದ್ರಿಸಿರುತ್ತದೆ.

ಇನ್ನು ಅಗ್ಗದ ವಿಸ್ಕಿಯೆಂದರೆ ನಿಜಕ್ಕೂ ಏನು? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅದನ್ನು ಹೊಗಳುವವರೂ ಹಳಿಯುವವರೂ ಈ ಪ್ರಶ್ನೆಯನ್ನು ಹಾರಿ ಮುಂದೆ ಹೋಗುತ್ತಾರೆ.

ಸ್ಕಾಟ್ಲೆಂಡಿನಲ್ಲಾಗಲಿ ಯುರೋಪಿನಲ್ಲಾಗಲಿ ವಿಸ್ಕಿ ಎನಿಸಿಕೊಳ್ಳಬೇಕಾದರೆ ಅದು ಧಾನ್ಯದಿಂದಲೇ ಆಗಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಬಣ್ಣಕ್ಕೆ ಕ್ಯಾರಮೆಲ್ ಬಿಟ್ಟರೆ ಬೇರೇನೂ ಬೆರೆಸುವಂತಿಲ್ಲ. ನಮ್ಮಲ್ಲಿ ಹಾಗಿಲ್ಲ. ಕಬ್ಬಿನ ನಾಡಿನಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಹೇರಳ. ಅದನ್ನು ಹುಳಿಸಿ, ಎತ್ತರದ ಉಕ್ಕಿನ ಸ್ತಂಭಗಳಲ್ಲಿ ಮತ್ತೆ ಮತ್ತೆ ಭಟ್ಟಿ ಇಳಿಸಿದರೆ ವಾಸನೆಯೂ ರುಚಿಯೂ ಬಹುಮಟ್ಟಿಗೆ ಕಳೆದುಹೋದ ನ್ಯೂಟ್ರಲ್ ಸ್ಪಿರಿಟ್ ಸಿಗುತ್ತದೆ. ನಮ್ಮ ಅಗ್ಗದ ವಿಸ್ಕಿಯ ಬಹುಪಾಲು ಇದೇ. ಇದಕ್ಕೆ ಒಂದಿಷ್ಟು ಮಾಲ್ಟ್ ಸ್ಪಿರಿಟ್, ಕ್ಯಾರಮೆಲ್, ಕೆಲವು ಬ್ರ್ಯಾಂಡುಗಳಲ್ಲಿ ಸುವಾಸನೆಯ ದ್ರವ್ಯ, ನೀರು. ಕೆಲವು ವರ್ಷಗಳಿಂದ ಕಾಕಂಬಿಯ ಸ್ಪಿರಿಟ್ ಪೆಟ್ರೋಲಿಗೆ ಬೆರೆಸುವ ಎಥನಾಲ್ ಕಡೆಗೂ ಹರಿಯುತ್ತಿರುವುದರಿಂದ ಅಕ್ಕಿ, ಮೆಕ್ಕೆಜೋಳಗಳ ಸ್ಪಿರಿಟ್ ಬಳಕೆ ಹೆಚ್ಚುತ್ತಿದೆ. ಆದರೆ ಅದೂ ಅಷ್ಟೇ ಶುದ್ಧೀಕರಿಸಿದ್ದಾದರೆ ಧಾನ್ಯದ ನೆನಪು ಅದರಲ್ಲಿ ಹೆಚ್ಚು ಉಳಿಯುವುದಿಲ್ಲ.

ಇದಕ್ಕೆ ಕರ್ನಾಟಕದ ಇತಿಹಾಸದ ಒಂದು ಎಳೆಯೂ ಸೇರಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅಲ್ಲಿಯವರೆಗೆ ಸಾರಾಯಿಯ ಪ್ಯಾಕೆಟ್ಟು ಕೊಳ್ಳುತ್ತಿದ್ದವರು ಕುಡಿಯುವುದನ್ನು ಬಿಡಲಿಲ್ಲ, ಅಗ್ಗದ ವಿಸ್ಕಿಗೆ, ಬ್ರಾಂದಿಗೆ ಬದಲಾದರು. ಹೊಸ ಬಣ್ಣ, ಹೊಸ ಹೆಸರು, ಕಾಗದದ ಡಬ್ಬಿಯಲ್ಲಿ 90 ಮತ್ತು 180 ಮಿಲಿಲೀಟರ್. ಮೊದಲ ಸ್ಲ್ಯಾಬಿನ ವಿಸ್ಕಿ ಸ್ಕಾಚಿನ ಬಡ ತಮ್ಮನೆಂದು ಭಾವಿಸುವುದರಿಂದ ನಮ್ಮ ತೀರ್ಪು ದಾರಿ ತಪ್ಪುತ್ತದೆ. ಅದು ಸಾರಾಯಿಯ ವಾರಸುದಾರ. ಅದನ್ನು ಸ್ಕಾಚಿನ ಪಕ್ಕ ಇಟ್ಟು ‘ಥೂ’ ಎನ್ನುವುದು ಸುಲಭ. ಕಷ್ಟದ ಪ್ರಶ್ನೆ ಬೇರೆ: ಅದು ಏನಾಗಿದೆಯೋ ಅದರಲ್ಲಿ ಅದು ಚೆನ್ನಾಗಿದೆಯೇ? ಸ್ಪಿರಿಟ್ ಸ್ವಚ್ಛವಾಗಿದೆಯೇ? ಬೆರೆಸಿದ ಮಾಲ್ಟ್ ಮೂಗಿಗೆ ಸಿಗುತ್ತದೆಯೇ, ಅಥವಾ ಎಸೆನ್ಸಿನ ಸಿಹಿ ಎಲ್ಲವನ್ನೂ ಮುಚ್ಚಿದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಪಡೆಯಲು ನಾವು ಕುಡಿಯುವ ಕ್ರಮವೇ ಅಡ್ಡಿ. ಕರಾವಳಿಯ ಸೆಕೆಯಲ್ಲಿ ಲೋಟದ ತುಂಬ ಐಸು, ಮೇಲೆ ಸೋಡಾ, ಜೊತೆಗೆ ರವೆ ಹಚ್ಚಿ ಹುರಿದ ಬಂಗಡೆ, ಉಪ್ಪಿನಕಾಯಿ. ತಂಪು ವಾಸನೆಯನ್ನು ಕಟ್ಟಿಹಾಕುತ್ತದೆ, ಖಾರ ನಾಲಿಗೆಯನ್ನು ಮರಗಟ್ಟಿಸುತ್ತದೆ. ಇಷ್ಟೆಲ್ಲದರ ಹಿಂದಿನಿಂದ ‘ಗೋವಾದ್ದು ಸ್ಮೂತ್’ ಎಂಬ ತೀರ್ಪು ಬರುತ್ತದೆ. ಹಾಗೆ ಕುಡಿಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಮೀನಿನ ಜೊತೆ ಸೋಡಾ ಹಾಕಿದ ವಿಸ್ಕಿ ಚೆನ್ನಾಗಿಯೇ ಹೋಗುತ್ತದೆ. ಆದರೆ ಅದರ ಆಧಾರದ ಮೇಲೆ ಎರಡು ವಿಸ್ಕಿಗಳಲ್ಲಿ ಯಾವುದು ಮೇಲೆಂದು ಹೇಳಲಾಗದು.

ವಿಸ್ಕಿ ಬೆರೆಸುವುದನ್ನೇ ಕಸುಬಾಗಿಸಿಕೊಂಡವರು ಮಾದರಿಗಳನ್ನು ಸುಮಾರು ಶೇ 20ಕ್ಕೆ ಇಳಿಸಿ ಮೂಸುತ್ತಾರೆ. ನಮ್ಮ ಶೇ 42.8ರ 30 ಮಿಲಿಲೀಟರಿಗೆ 34 ಮಿಲಿಲೀಟರ್ ನೀರು ಸೇರಿಸಿದರೆ ಆ ಮಟ್ಟಕ್ಕೆ ಬರುತ್ತದೆ. ನೀರು ತಣ್ಣಗಿರಬಾರದು, ಕೋಣೆಯ ಬಿಸಿಯಲ್ಲೇ ಇರಬೇಕು. ನೀರು ಬಿದ್ದ ಕೂಡಲೇ ಅಡಗಿದ್ದೆಲ್ಲ ಹೊರಬರುತ್ತದೆ. ಕಳಪೆ ಸ್ಪಿರಿಟ್ ಆಗಿದ್ದರೆ ಪೇಂಟಿನ ಡಬ್ಬಿ ತೆರೆದ ಹಾಗಿನ ಘಾಟು, ಎಸೆನ್ಸ್ ಹೆಚ್ಚಾಗಿದ್ದರೆ ಕೇಕಿನಂಗಡಿಯ ವೆನಿಲಾ. ಕಾಕಂಬಿಯ ಗುಣ ಪೂರ್ತಿ ಹೋಗಿರದಿದ್ದರೆ ಆಲೆಮನೆಯ ಕೊಪ್ಪರಿಗೆಯ ಅಂಚಿಗೆ ಹತ್ತಿ ಕರಟಿದ ಬೆಲ್ಲದಂತಹ ಒಂದು ಮಬ್ಬು ವಾಸನೆ ಕೊನೆಯಲ್ಲಿ ಉಳಿಯುತ್ತದೆ. ನನಗೆ ಆ ವಾಸನೆಯ ಮೇಲೆ ದ್ವೇಷವಿಲ್ಲ, ಎಸೆನ್ಸಿಗಿಂತ ಅದು ಎಷ್ಟೋ ಪ್ರಾಮಾಣಿಕ. ಮಾಲ್ಟ್ ಸಾಕಷ್ಟಿದ್ದರೆ ಹುರಿದ ಧಾನ್ಯದ ವಾಸನೆ ಬರುತ್ತದೆ, ನೀರು ಹೆಚ್ಚಾದರೂ ಹೋಗುವುದಿಲ್ಲ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸರಳ. ಲೋಟದ ತಳದಲ್ಲಿ ಒಂದು ಹನಿ ಬಿಟ್ಟು ರಾತ್ರಿಯಿಡೀ ಹಾಗೇ ಇಡಿ. ಆಲ್ಕೊಹಾಲು ಆರಿಹೋಗುತ್ತದೆ. ಬೆಳಿಗ್ಗೆ ಒಣಗಿದ ಲೋಟವನ್ನು ಮೂಸಿದರೆ ಹಾರಿಹೋಗದೆ ಉಳಿದದ್ದು ತಿಳಿಯುತ್ತದೆ. ಮರ ಮತ್ತು ಧಾನ್ಯ ಇದ್ದ ವಿಸ್ಕಿ ಅಲ್ಲಿ ಸ್ವಲ್ಪವಾದರೂ ಗುರುತು ಬಿಟ್ಟಿರುತ್ತದೆ. ಕೆಲವು ಲೋಟಗಳಲ್ಲಿ ಅಂಟಂಟಾದ ಸಿಹಿ ಮಾತ್ರ. ಮತ್ತೆ ಕೆಲವು ಲೋಟಗಳಲ್ಲಿ ಏನೂ ಇರುವುದಿಲ್ಲ.

ಬೆಲೆಗೆ ತಕ್ಕ ವ್ಯತ್ಯಾಸ ಇದೆಯೇ ಎಂದು ನೋಡಬೇಕಾದರೆ ಆಹಾರ ವಿಜ್ಞಾನದವರು ಬಳಸುವ ಮೂರು ಲೋಟದ ಕ್ರಮ ಇದೆ. ನಿಮಗೆ ಕಾಣದಂತೆ ಬೇರೊಬ್ಬರು ಎರಡು ಲೋಟಕ್ಕೆ ಒಂದು ವಿಸ್ಕಿ, ಮೂರನೆಯದಕ್ಕೆ ಇನ್ನೊಂದು ಸುರಿಯಬೇಕು. ಬೇರೆಯದು ಯಾವುದೆಂದು ನೀವು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹಲವು ಸಲ ಮಾಡಿದ ಮೇಲೂ ಅದಕ್ಕಿಂತ ಮೇಲೇಳದಿದ್ದರೆ ಆ ಎರಡು ಬಾಟಲಿಗಳ ನಡುವಿನ ಬೆಲೆಯ ಅಂತರ ನಿಮ್ಮ ನಾಲಿಗೆಗೆ ಸಂಬಂಧಿಸಿದ್ದಲ್ಲ. ಗೋವಾದ ಬಾಟಲಿಯನ್ನು ಪರವಾನಗಿ ಇಲ್ಲದೆ ಈಚೆ ತರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಈ ಪರೀಕ್ಷೆಗಾಗಿ ಯಾರೂ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳಬೇಕಿಲ್ಲ. ಕಾರವಾರದ ಎಂಎಸ್‌ಐಎಲ್ ಅಂಗಡಿಯಿಂದಲೇ ಪಕ್ಕಪಕ್ಕದ ಎರಡು ಸ್ಲ್ಯಾಬಿನ ಎರಡು ಕ್ವಾರ್ಟರ್ ತಂದು ಮಾಡಿ ನೋಡಬಹುದು. ಸೋಡಾ ಇಲ್ಲದೆ, ಮೀನು ಬರುವ ಮೊದಲು.

ಬೆಲೆ ತಿಳಿದರೆ ನಾಲಿಗೆ ಬಾಗುತ್ತದೆ ಎಂಬುದಕ್ಕೆ 2008ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನವಿದೆ. ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದು, ಒಮ್ಮೆ 90 ಡಾಲರಿನದೆಂದು ಹೇಳಿ ಕೊಟ್ಟರು. 90 ಡಾಲರಿನದು ಹೆಚ್ಚು ರುಚಿ ಎಂದರು ಕುಡಿದವರು. ಅವರು ಸುಳ್ಳಾಡಲಿಲ್ಲ. ಮೆದುಳಿನಲ್ಲಿ ಸುಖದ ಅನುಭವಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಗಿದ್ದು ಸ್ಕ್ಯಾನಿನಲ್ಲಿ ಕಂಡಿತು. ನಮ್ಮ ಗಡಿಯಲ್ಲಿ ಬೆಲೆಯ ಜಾಗದಲ್ಲಿ ಸಾಹಸ ಕೂತಿದೆ. ಚೆಕ್‌ಪೋಸ್ಟು ದಾಟಿಸಿದ್ದು, ಸ್ನೇಹಿತನೊಬ್ಬ ಸೀಟಿನಡಿ ಇಟ್ಟು ತಂದದ್ದು, ಅರ್ಧ ಬೆಲೆಗೆ ದಕ್ಕಿದ್ದು. ಗೆದ್ದು ತಂದ ಬಾಟಲಿ ರುಚಿಸದೇ ಇರುವುದು ಹೇಗೆ?

ತಲೆನೋವಿನ ಮಾತಿಗೆ ಬರುತ್ತೇನೆ, ಏಕೆಂದರೆ ಇದು ನಿರುಪದ್ರವಿ ನಂಬಿಕೆಯಲ್ಲ. 80 ರೂಪಾಯಿಯ ಕ್ವಾರ್ಟರಿನಲ್ಲೂ 800 ರೂಪಾಯಿಯ ಕ್ವಾರ್ಟರಿನಲ್ಲೂ, ಶೇ 42.8 ಇರುವವರೆಗೆ, ಸುಮಾರು 61 ಗ್ರಾಂ ಶುದ್ಧ ಆಲ್ಕೊಹಾಲು ಇರುತ್ತದೆ. ಯಕೃತ್ತಿಗೆ ಲೇಬಲ್ ಓದಲು ಬರುವುದಿಲ್ಲ. ಬೆಳಗಿನ ತಲೆನೋವಿಗೆ ಮುಖ್ಯ ಕಾರಣ ಈ 61 ಗ್ರಾಂ. ಅಗ್ಗದ್ದು ಅಶುದ್ಧ, ಅದಕ್ಕೇ ತಲೆ ಸಿಡಿಯುತ್ತದೆ ಎನ್ನುವವರು ತಿಳಿಯಬೇಕಾದ್ದು ಇನ್ನೊಂದಿದೆ: ನ್ಯೂಟ್ರಲ್ ಸ್ಪಿರಿಟ್ಟಿನಲ್ಲಿ ಆಲ್ಕೊಹಾಲಿನ ಜೊತೆ ಬರುವ ಇತರ ಸಂಯುಕ್ತಗಳು ತೀರ ಕಡಿಮೆ. ಪೀಪಾಯಿಯಲ್ಲಿ ಮಾಗಿದ ವಿಸ್ಕಿಯಲ್ಲಿ ಅವು ಹೆಚ್ಚು, ಅದರ ರುಚಿಯ ದೊಡ್ಡ ಭಾಗ ಅವೇ. ಬರ್ಬನ್ ವಿಸ್ಕಿಯನ್ನೂ ವೋಡ್ಕಾವನ್ನೂ ಹೋಲಿಸಿದ ಸಂಶೋಧನೆಯಲ್ಲಿ ಮರುದಿನ ಹೆಚ್ಚು ಬಳಲಿದವರು ಬರ್ಬನ್ ಕುಡಿದವರು. ‘ಒಳ್ಳೆ ಬ್ರ್ಯಾಂಡು, ಏನಾಗುವುದಿಲ್ಲ’ ಎಂದು ಎರಡು ಪೆಗ್ ಹೆಚ್ಚು ಹಾಕಿಕೊಳ್ಳುವವರನ್ನು ನಾನು ನೋಡಿದ್ದೇನೆ. ಅವರಿಗೆ ಈ ನಂಬಿಕೆ ಮಾಡುವ ಹಾನಿ, ಅಗ್ಗದ ವಿಸ್ಕಿ ಮಾಡುವುದಕ್ಕಿಂತ ಕಡಿಮೆಯೇನಲ್ಲ.

ಹಾಗಾದರೆ ಬೆಲೆ ಎಲ್ಲಿಯೂ ರುಚಿಯನ್ನು ಕೊಳ್ಳುವುದಿಲ್ಲವೇ? ಕೊಳ್ಳುತ್ತದೆ, ಕೆಲವು ಮೆಟ್ಟಿಲುಗಳಲ್ಲಿ ಮಾತ್ರ. ಅತಿ ಕೆಳಗಿನ ಸ್ಲ್ಯಾಬಿನಿಂದ, ಧಾನ್ಯದ ಸ್ಪಿರಿಟ್ ಮತ್ತು ಮಾಲ್ಟ್ ಎಂದು ಲೇಬಲ್ಲಿನಲ್ಲಿ ನಮೂದಿಸುವ ಮಧ್ಯಮ ದರ್ಜೆಗೆ ಏರಿದಾಗ ವ್ಯತ್ಯಾಸ ನಿಜಕ್ಕೂ ಇದೆ. 1995ರಲ್ಲಿ ರಾಯಲ್ ಸ್ಟ್ಯಾಗ್ ಮಾರುಕಟ್ಟೆಗೆ ಬಂದಾಗ ಕಾಕಂಬಿ ಬಿಟ್ಟು ಧಾನ್ಯದ ಸ್ಪಿರಿಟ್, ಆಮದಾದ ಸ್ಕಾಚ್ ಮಾಲ್ಟ್, ಕೃತಕ ಸುವಾಸನೆ ಇಲ್ಲ ಎಂಬುದನ್ನೇ ತನ್ನ ಹೆಗ್ಗಳಿಕೆಯಾಗಿಸಿಕೊಂಡಿತು. ಆಮೇಲೆ ಆ ದಾರಿಯಲ್ಲಿ ಹಲವರು ಬಂದರು. ಅಂಕೋಲೆಯ ಒಬ್ಬ ಶಿಕ್ಷಕ ಅಥವಾ ದೋಣಿಯ ಮಾಲಿಕ ತಿಂಗಳಿಗೊಂದು ಬಾಟಲಿ ಕೊಳ್ಳುವವನಾದರೆ ಅವನ ದುಡ್ಡಿಗೆ ಅತಿ ಹೆಚ್ಚು ರುಚಿ ಸಿಗುವ ಜಾಗ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರ ಮೇಲಿನ ಒಂದೆರಡು ಮೆಟ್ಟಿಲುಗಳೇ ಅತಿ ಬಡವಾದ ಜಾಗ. ರಟ್ಟಿನ ಪೆಟ್ಟಿಗೆ ಬರುತ್ತದೆ, ಬಂಗಾರದ ಬಣ್ಣದ ಮುಚ್ಚಳ, ದಪ್ಪ ತಳದ ಗಾಜು, ಮೈ ಮೇಲೆ ಒಂದು ಕೋಟೆಯ ಚಿತ್ರ. ಎಷ್ಟು ವರ್ಷ ಮಾಗಿದ್ದು ಎಂದು ಬರೆದಿರುವುದಿಲ್ಲ. ಮೂರು ಲೋಟದ ಪರೀಕ್ಷೆಯಲ್ಲಿ ಕೆಳಗಿನ ದರ್ಜೆಯಿಂದ ಇವನ್ನು ಬೇರ್ಪಡಿಸುವುದು ನನಗೆ ಯಾವಾಗಲೂ ಕಷ್ಟವಾಗಿದೆ. ಮದುವೆ ಮನೆಯಲ್ಲಿ ಅತಿಥಿಯ ಎದುರು ಇಡಲು ಯೋಗ್ಯವಾದ ಬಾಟಲಿಗಳು ಇವು, ಅದೇ ಅವುಗಳ ಕೆಲಸವೂ ಹೌದು.

ಅಲ್ಲಿಂದ ಮೇಲೆ ಮತ್ತೊಮ್ಮೆ ನಿಜವಾದ ಜಿಗಿತ ಇದೆ. ಕಾರವಾರದಿಂದ ಮಡಗಾಂವಿಗೆ ಹೋಗುವವರು ಕುಂಕಳ್ಳಿಯನ್ನು ದಾಟಿಯೇ ಹೋಗುತ್ತಾರೆ. ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನ ಪಾಲ್ ಜಾನ್ ಸಿಂಗಲ್ ಮಾಲ್ಟ್ ತಯಾರಾಗುವುದು ಅಲ್ಲಿ. ಕರ್ನಾಟಕದ ದುಡಿಯುವ ಜನ ಬಹಳವಾಗಿ ಕೊಳ್ಳುವ ಒರಿಜಿನಲ್ ಚಾಯ್ಸ್ ಕೂಡ ಅದೇ ಕಂಪನಿಯದು. ಒಡೆಯ ಒಬ್ಬನೇ ಆದರೂ ಎರಡರ ನಡುವೆ ಅಂತರ ತಂದದ್ದು ಮೊಳಕೆ ಬರಿಸಿದ ಬಾರ್ಲಿ, ತಾಮ್ರದ ಭಟ್ಟಿಪಾತ್ರೆ ಮತ್ತು ಪೀಪಾಯಿಯೊಳಗಿನ ವರ್ಷಗಳು. ನಮ್ಮ ಬಿಸಿಲಿನಲ್ಲಿ ವರ್ಷಗಳು ದುಬಾರಿ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ 2ರಷ್ಟು ಆರಿಹೋದರೆ, ಬೆಂಗಳೂರಿನಲ್ಲಿ ಅಮೃತ್ ಡಿಸ್ಟಿಲರೀಸ್‌ನ ಪೀಪಾಯಿಗಳಿಂದ ಶೇ 10ಕ್ಕೂ ಹೆಚ್ಚು ಆರುತ್ತದೆ. 1948ರಲ್ಲಿ ಶುರುವಾದ ಅಮೃತ್ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಲು ಹೋದದ್ದು ಗ್ಲಾಸ್ಗೋಗೆ, 2004ರಲ್ಲಿ. ಆರು ವರ್ಷಗಳ ನಂತರ ಜಿಮ್ ಮರ್ರೆಯ ವಿಸ್ಕಿ ಬೈಬಲ್ ಅದರ ಫ್ಯೂಷನ್‌ಗೆ ಜಗತ್ತಿನ ಮೂರನೆಯ ಸ್ಥಾನ ಕೊಟ್ಟ ಮೇಲೆಯೇ ನಮ್ಮವರು ಅದರ ಕಡೆ ತಿರುಗಿ ನೋಡಿದರು. ಇಲ್ಲಿಯೂ ‘ಎಲ್ಲಿದು’ ಎಂಬ ಪ್ರಶ್ನೆ ನಾಲಿಗೆಗಿಂತ ಮುಂದೆ ಓಡಿತ್ತು.

ಇಷ್ಟು ದೂರ ವಿಸ್ಕಿಯ ರುಚಿಯ ಮಾತಾಡುವಾಗ ಅಂಕೋಲೆಯ ಬಡಗೇರಿಯನ್ನು ಮರೆಯುವಂತಿಲ್ಲ. ಅಲ್ಲಿನ, ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರು 2017ರಲ್ಲಿ ಪದ್ಮಶ್ರೀ ಪಡೆದರು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹಾಡಿನಷ್ಟೇ ಅವರ ಹೆಸರು ಸಾರಾಯಿ ವಿರೋಧಿ ಹೋರಾಟದ ಜೊತೆ ಸೇರಿದೆ. ಕುಡಿತದಿಂದ ಮನೆಗಳು ಮುರಿದುದನ್ನು ಕಣ್ಣಾರೆ ಕಂಡು ಊರಿನ ಹೆಂಗಸರನ್ನು ಕಟ್ಟಿಕೊಂಡು ನಿಂತವರು ಅವರು. ಅವರ ಎದುರು ‘ಅಗ್ಗದ ವಿಸ್ಕಿಯ ರುಚಿ’ ಎಂಬ ಮಾತು ಎತ್ತಲು ನಾಚಿಕೆಯಾಗಬೇಕಲ್ಲವೇ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದು. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕುಡಿಯದವರನ್ನು ಕುಡಿಯಲು ಕರೆಯುವ ಬರಹವಲ್ಲ ಇದು.

ಆದರೆ ಅಗ್ಗದ್ದು ಕುಡಿಯುವವರ ಬಗ್ಗೆ ಹೇಳುವ ‘ಅಂಥವರಿಗೆ ರುಚಿ ಏಕೆ, ಕಿಕ್ ಸಿಕ್ಕರೆ ಸಾಕು’ ಎಂಬ ಮಾತನ್ನು ನಾನು ಒಪ್ಪಲಾರೆ. ಅದು ಸುಕ್ರಜ್ಜಿಯ ಮಾತಲ್ಲ, ಪೌಚು ಕೊಳ್ಳುವವನಿಗೆ ನಾಲಿಗೆಯೇ ಇಲ್ಲ ಎಂದುಕೊಂಡವರ ಮಾತು. ಬಂದರಿನಲ್ಲಿ ಬಲೆ ಎಳೆಯುವವನಿಗೆ ಬಂಗಡೆ ತಾಜಾವೋ ಅಲ್ಲವೋ ಎಂದು ಮೂಸಿದ ಕೂಡಲೇ ಗೊತ್ತಾಗುತ್ತದೆ. ಅವನ ಮೂಗಿನ ಸೂಕ್ಷ್ಮತೆಯ ಮುಂದೆ ನನ್ನದು ಏನೂ ಅಲ್ಲ. ಅವನು ದುಡ್ಡು ಕೊಟ್ಟು ಕೊಳ್ಳುವ ಈ ಒಂದು ವಸ್ತುವಿನ ಬಗ್ಗೆ ಮಾತ್ರ ಅವನಿಗೆ ಯಾರೂ ಏನನ್ನೂ ಹೇಳುವುದಿಲ್ಲ. ಪತ್ರಿಕೆಗಳ ಪುರವಣಿಗಳಲ್ಲಿ ಸಿಂಗಲ್ ಮಾಲ್ಟಿಗೆ ಅರ್ಧ ಪುಟ ಸಿಗುತ್ತದೆ, ಮೊದಲ ಸ್ಲ್ಯಾಬಿನ ವಿಸ್ಕಿ ಪತ್ರಿಕೆಗೆ ಬರುವುದು ದರ ಏರಿದ ದಿನ ಮಾತ್ರ.

ಈ ಮೌನದಿಂದ ಲಾಭವಾಗುವುದು ಯಾರಿಗೆಂದು ನೋಡಿ. ಕಾರವಾರ, ಅಂಕೋಲೆಯ ಅಬಕಾರಿ ಸಿಬ್ಬಂದಿ ಲಾರಿಗಳ ಕಳ್ಳ ಅಟ್ಟಣಿಗೆಯಿಂದ, ಬಸ್ಸಿನ ಡಿಕ್ಕಿಯಿಂದ ಗೋವಾದ ಮದ್ಯ ಹಿಡಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಹಿಡಿಯದೆ ಉಳಿದದ್ದು ‘ಗೋವಾ ಮಾಲು’ ಎಂಬ ಹೆಸರಿನಲ್ಲಿ ಕೈ ಬದಲಾಗುತ್ತದೆ. ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕ ಬರುವ ಬಾಟಲಿಯ ಮುಚ್ಚಳದ ಮೇಲೆ ಅಬಕಾರಿ ಲೇಬಲ್ ಇರುತ್ತದೆ, ಅದು ಯಾವ ಕಾರ್ಖಾನೆಯಿಂದ ಯಾವ ಅಂಗಡಿಗೆ ಬಂತೆಂದು ಹುಡುಕಬಹುದು. ಗಡಿ ದಾಟಿ ಕತ್ತಲಲ್ಲಿ ಬಂದ ಬಾಟಲಿಗೆ ಆ ಸರಪಳಿ ಇಲ್ಲ. ಖಾಲಿ ಗೋವಾ ಬಾಟಲಿಗೆ ಅಗ್ಗದ ಸ್ಪಿರಿಟ್ ತುಂಬಿ ಕೊಟ್ಟರೂ ಕೊಳ್ಳುವವನು ದೂರು ಕೊಡಲಾರ, ಏಕೆಂದರೆ ಕೊಂಡದ್ದೇ ಅಪರಾಧ. ಅಸಲಿ ಎಂದು ನಂಬಿ ಓಡುವ ಜಾಗವೇ ನಕಲಿಗೆ ಅತಿ ಅನುಕೂಲದ ಜಾಗವಾಗಿದೆ.

2025–26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿಯನ್ನು ಕರ್ನಾಟಕ ಸರಕಾರ ಇಟ್ಟುಕೊಂಡಿತು. ಇಷ್ಟು ಕೊಡುವವನಿಗೆ ಬಾಟಲಿಯ ಬೆನ್ನಿನ ಮೇಲೆ ಮೂರು ಸಾಲು ಕೇಳುವ ಹಕ್ಕಿದೆ: ಸ್ಪಿರಿಟ್ ಕಾಕಂಬಿಯದೋ ಧಾನ್ಯದ್ದೋ, ಮಾಲ್ಟ್ ನೂರಕ್ಕೆ ಎಷ್ಟು, ಸುವಾಸನೆಗೆ ಏನು ಬೆರೆಸಿದ್ದಾರೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಬೆಣ್ಣೆ ಎಷ್ಟು, ತಾಳೆಣ್ಣೆ ಇದೆಯೇ ಎಂದು ಓದಲು ಸಿಗುತ್ತದೆ. ವಿಸ್ಕಿಯ ಮೇಲೆ ಎಚ್ಚರಿಕೆಯ ಮಾತು, ಶೇಕಡಾವಾರು ಆಲ್ಕೊಹಾಲು, ಬೆಲೆ ಇರುತ್ತವೆ, ಒಳಗಿನ ಮಾಲ್ಟ್ ಎಷ್ಟೆಂಬುದು ಇರುವುದಿಲ್ಲ. ಇದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ತಿದ್ದುಪಡಿಯಲ್ಲಿ ಕಡ್ಡಾಯ ಮಾಡಬಹುದು. ಆಗ ಅಂಕೋಲೆಯ ಅಂಗಡಿಯ ಕಟ್ಟೆಯ ಮುಂದೆ ನಿಂತವನು ಎರಡು ಕ್ವಾರ್ಟರುಗಳನ್ನು ತಿರುಗಿಸಿ, ಹಿಂದಿನ ಅಂಕಿ ಓದಿ, ಹದಿನೈದು ರೂಪಾಯಿ ಹೆಚ್ಚು ಕೊಡುವುದೋ ಬೇಡವೋ ಎಂದು ತಾನೇ ತೀರ್ಮಾನಿಸುತ್ತಾನೆ.